ಅಂಗಳದ ನೇತ್ರಾವತಿ

“ಬಿಡು,” ಎಂದರು ಸಂಕಪ್ಪ.

ಕಾಂತಿ ಬೆರಳು ಸಡಿಲಿಸಿದಳು. ಉಗುರಿನಷ್ಟೇ ಇದ್ದ ಅಡಿಕೆ ಹಾಳೆಯ ದೋಣಿ ಸಿಮೆಂಟಿನ ದಡ ಬಿಟ್ಟು ನೀರಿಗಿಳಿಯಿತು. ಅಲ್ಲೇ ಒಮ್ಮೆ ತಿರುಗಿ, ಬಂಟ್ವಾಳ ಪೇಟೆಯ ಬದಿ ಹಿಡಿದು ಹೊರಟಿತು. ಹೊಳೆಯ ನಡುವೆ ಎದ್ದ ಪುಟ್ಟ ದ್ವೀಪ, ಊರವರು ಕುದುರು ಎನ್ನುವುದು, ಅದನ್ನು ಮುಟ್ಟುವ ಮೊದಲೇ ಬಲಕ್ಕೆ ಸರಿಯಿತು. ಪಾಣೆಮಂಗಳೂರು ಸೇತುವೆಯ ಕಂಬಗಳ ನಡುವೆ ನುಸುಳಿ, ಕೊನೆಯಲ್ಲಿ ಕಟ್ಟಿದ್ದ ಸೊಳ್ಳೆಪರದೆಯ ತುಂಡಿಗೆ ಬಂದು ಅಂಟಿತು.

“ನಲವತ್ತಾಯಿತು,” ಎಂದು ಅವಳು ಪುಸ್ತಕದಲ್ಲಿ ಗೆರೆ ಎಳೆದಳು. “ನಲವತ್ತರಲ್ಲಿ ಒಂದೂ ನಮ್ಮ ನರಿಕೊಂಬು ಬದಿಗೆ ಬರ್ಲಿಲ್ಲ ಮಾವ.”

“ಬಂದಿದ್ರೆ ನನಗೆ ಬೇಸರ ಆಗ್ತಿತ್ತು,” ಎಂದು ಸಂಕಪ್ಪ ಪಂಪಿನ ಸದ್ದನ್ನು ಮೀರಿಸಿ ಹೇಳಿದರು. ಮೊಣಕಾಲವರೆಗೆ ಪಂಚೆ ಎತ್ತಿ ಕಟ್ಟಿದ್ದರು. ಬನಿಯನ್ ಪೂರ್ತಿ ಒದ್ದೆ. ಮುಖದಲ್ಲಿ ಮಾತ್ರ ಚೌತಿಯ ದಿನ ಹೊಟ್ಟೆ ತುಂಬ ಉಂಡವರ ಕಳೆ.

ಕಳೆದ ಸೋಮವಾರ ಹೊಳೆಯ ನೀರಿನ ಮಟ್ಟ ಅಳೆದು ಬರೆಯುವ ಧರ್ಣಪ್ಪ ಕಾಣೆಯಾಗಿದ್ದ. ಅವನ ಚೀಲ, ಕೊಡೆ ಇದ್ದ ಖಾಲಿ ದೋಣಿ ನರಿಕೊಂಬಿನ ದಡದಲ್ಲಿ ಸಿಕ್ಕಿತ್ತು. ದೋಣಿಯ ಯಜಮಾನ ಅಬ್ದುಲ್ ಸಮದ್ ನಿನ್ನೆ ಸಂಜೆಯಿಂದ ಪೊಲೀಸ್ ಠಾಣೆಯಲ್ಲಿದ್ದ.

ಇವತ್ತು ಶನಿವಾರ. ಮಧ್ಯಾಹ್ನ ಮೂರು ಗಂಟೆಯ ಒಳಗೆ ಸಮದನನ್ನು ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು ಎಂದು ಸಬ್ ಇನ್‌ಸ್ಪೆಕ್ಟರ್ ಲೋಕನಾಥ ಹೇಳಿ ಕಳಿಸಿದ್ದ. ಕೊಲೆ ಎಂದು ಒಮ್ಮೆ ಕಾಗದದಲ್ಲಿ ಬಿದ್ದರೆ ಅದನ್ನು ಅಳಿಸಲು ವರ್ಷಗಳು ಬೇಕು.

ಈಗ ಹತ್ತೂವರೆ.

ಸಂಕಪ್ಪ ಓವರ್ಸಿಯರ್ ಕೆಲಸದಿಂದ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಮೂವತ್ತೈದು ವರ್ಷ ಹೊಳೆಯ ದಡದಲ್ಲೇ ಕಳೆದವರಿಗೆ ಮನೆಯಲ್ಲಿ ಸುಮ್ಮನೆ ಕೂತಿರಲು ಆಗಲಿಲ್ಲ. ಊರವರು ಅಂಗಳದಲ್ಲಿ ಭತ್ತ ಹರವಿದರೆ ಅವರು ಅಲ್ಲಿ ನೇತ್ರಾವತಿಯನ್ನೇ ತಂದು ಮಲಗಿಸಿದರು. ಎರಡು ಮೈಲು ಹೊಳೆ ಇಪ್ಪತ್ತೇಳು ಅಡಿಗೆ ಇಳಿದಿತ್ತು. ಮೇಲಿನ ತುದಿಯಲ್ಲಿ ಮರದ ಡಿಪೋ, ಆಮೇಲೆ ಒಂದು ತಿರುವು, ಬಲಬದಿಯಲ್ಲಿ ಜನ ದೋಣಿ ಹತ್ತುವ ಬಂಟ್ವಾಳದ ಕಡವು, ನಡುವೆ ಕುದುರು, ಎಡಬದಿಯಲ್ಲಿ ನರಿಕೊಂಬು, ಕೆಳತುದಿಯಲ್ಲಿ ಸೇತುವೆ. ಎಲ್ಲಿ ಎಷ್ಟು ಆಳ ಎಂದು ಅವರೇ ದೋಣಿಯಲ್ಲಿ ಹೋಗಿ ಬಿದಿರು ಇಳಿಸಿ ಅಳೆದು ಬಂದಿದ್ದರು.

ಅಗಲ ಉದ್ದಗಳನ್ನು ನಾನೂರರಲ್ಲಿ ಒಂದು ಪಾಲು ಮಾಡಿದ್ದರು. ಆಳವನ್ನೂ ಹಾಗೆಯೇ ಇಳಿಸಿದರೆ ನೀರು ಕಾಗದದಷ್ಟು ತೆಳುವಾಗಿಬಿಡುತ್ತದೆ, ಹರಿಯುವುದೇ ಇಲ್ಲ ಎಂದು ಅದನ್ನು ನಲವತ್ತರಲ್ಲಿ ಒಂದು ಪಾಲಿಗೆ ನಿಲ್ಲಿಸಿದ್ದರು. ಆಗ ಸಮಯವೂ ಕುಗ್ಗುತ್ತದೆ. ಎಷ್ಟು ಎಂದು ಲೆಕ್ಕ ಹಾಕಿಕೊಟ್ಟವಳು ಕಾಂತಿ. ಈ ಅಂಗಳದ ಐವತ್ತೇಳು ಸೆಕೆಂಡ್ ಎಂದರೆ ಹೊಳೆಯ ಒಂದು ಗಂಟೆ.

ಕಾಂತಿ ಸಂಕಪ್ಪನವರ ತಂಗಿಯ ಮಗಳು. ಮೂಡಬಿದಿರೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಚೌತಿಯ ರಜೆಗೆಂದು ಬಂದವಳು ಮೂರು ದಿನದಿಂದ ಮೋದಕ ತಿನ್ನುತ್ತ ಇನ್ನೊಂದು ಹೊಳೆ ಹರಿಸಿದ್ದಳು, ಕಾಗದದ ಮೇಲೆ. ಹೊಳೆಯನ್ನು ಚೌಕಚೌಕವಾಗಿ ಗೆರೆ ಹಾಕಿ, ಒಂದೊಂದು ಚೌಕದಲ್ಲಿ ನೀರು ಎಷ್ಟು ವೇಗ, ಯಾವ ದಿಕ್ಕು ಎಂದು ಲಾಗರಿದಂ ಪುಸ್ತಕ ಬಿಡಿಸಿಟ್ಟು ಲೆಕ್ಕ ಮಾಡಿದ್ದಳು. ಒಂದು ಚೌಕದ ಉತ್ತರ ಸಿಕ್ಕಿದರೆ ಪಕ್ಕದ್ದು ಶುರು. ಗುರುವಾರ ಒಂದು ಕಡೆ ಏಳನ್ನು ಒಂದು ಎಂದು ಓದಿದ್ದಕ್ಕೆ ಮೂವತ್ತು ಚೌಕ ಮತ್ತೆ ಮಾಡಬೇಕಾಯಿತು. ಅವಳಿಗೆ ಬೇಸರವಾಗಲಿಲ್ಲ. ಮಕ್ಕಳ ಉತ್ತರಪತ್ರಿಕೆ ತಿದ್ದುವುದಕ್ಕಿಂತ ಇದು ಚೆನ್ನಾಗಿತ್ತು.

ಕಾಗದದ ಹೊಳೆಯೂ ಸಿಮೆಂಟಿನ ಹೊಳೆಯೂ ಒಂದೇ ಮಾತು ಹೇಳುತ್ತಿದ್ದವು.

ಬೇಲಿಯ ಹತ್ತಿರ ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ ನಿಂತಿದ್ದ ರುಕಿಯಾ ಕೇಳಿದಳು, “ಏನಾಯ್ತು ಟೀಚರೇ?”

ಅವಳು ಸಮದನ ಹೆಂಡತಿ. ಬೆಳಿಗ್ಗೆ ಏಳು ಗಂಟೆಯಿಂದ ಅಲ್ಲೇ ಇದ್ದಳು. ಒಳಗೆ ಬಾ ಎಂದರೆ ಬರುವುದಿಲ್ಲ, ಮನೆಗೆ ಹೋಗು ಎಂದರೆ ಹೋಗುವುದಿಲ್ಲ.

“ಒಳ್ಳೆಯದೇ ಆಗ್ತಾ ಉಂಟು. ನೀವು ಮೊದಲು ಆ ಪತ್ರೊಡೆ ತಿನ್ನಿ. ತಣ್ಣಗಾಯ್ತು.”

“ಅವರು ತಿಂದಿದ್ದಾರೋ ಇಲ್ಲವೋ,” ಎಂದಳು ರುಕಿಯಾ. ಬಾಳೆಲೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

* * *

ಹನ್ನೊಂದಕ್ಕೆ ಲೋಕನಾಥ ಬಂದ. ಅವನ ಜತೆ ಮರದ ಡಿಪೋದ ಮ್ಯಾನೇಜರ್ ತುಕ್ರಪ್ಪ. ಹಿಂದಿನಿಂದ ಸೈಕಲ್ ತಳ್ಳಿಕೊಂಡು ಒಬ್ಬ ಕಾನ್‌ಸ್ಟೇಬಲ್.

ತುಕ್ರಪ್ಪನಿಗೆ ಐವತ್ತರ ವಯಸ್ಸು. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅಂಗಳದ ಹೊಳೆಯನ್ನು ಕಂಡು ಅವನು ನಕ್ಕ. ಕೆಟ್ಟ ನಗು ಅಲ್ಲ, ಮಕ್ಕಳ ಆಟ ನೋಡಿದ ದೊಡ್ಡವರ ನಗು.

“ಓವರ್ಸಿಯರ್ರೇ, ಇದನ್ನು ನೋಡ್ಲಿಕ್ಕೆ ನನ್ನನ್ನು ಕರೆಸಿದ್ದಾ? ಲಾರಿಗೆ ಮರ ಏರಿಸುವುದನ್ನು ನಿಲ್ಲಿಸಿ ಬಂದಿದ್ದೇನೆ.”

“ಕಾಫಿ ಕುಡಿದು ಹೋಗುವಿರಂತೆ. ಕೂತುಕೊಳ್ಳಿ,” ಎಂದರು ಸಂಕಪ್ಪ. ತಾವೇ ಒಳಗೆ ಹೋಗಿ ಬೆಲ್ಲದ ಕಾಫಿ ತಂದರು.

ಲೋಕನಾಥ ಕೂರಲಿಲ್ಲ. ಮೂವತ್ತು ತುಂಬದ ಹುಡುಗ, ಧರ್ಮಸಂಕಟದಲ್ಲಿದ್ದ. “ಸಂಕಪ್ಪಣ್ಣ, ನನಗೆ ಮೂರು ಗಂಟೆಗೆ ಕೋರ್ಟು ಉಂಟು. ನಾನು ಬಂದದ್ದು ನಿಮ್ಮ ಮೇಲಿನ ಗೌರವಕ್ಕೆ. ಇಲ್ಲಿ ಎಂತ ಕಂಡರೂ ಸಾಕ್ಷಿ ಸಾಕ್ಷಿಯೇ. ಇವರು ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಧರ್ಣಪ್ಪ ಬಂಟ್ವಾಳದ ಕಡವಿನಲ್ಲಿ ದೋಣಿ ಹತ್ತಿದ್ದನ್ನು ಕಣ್ಣಾರೆ ನೋಡಿದ್ದಾರೆ. ದೋಣಿ ದೂಡುವ ಜಲ್ಲೆ ಹಿಡಿದು ನಿಂತವ ಸಮದ್.”

“ಸಮದ್ ಎಂತ ಹೇಳ್ತಾನೆ?”

“ಭಾನುವಾರ ಸಂಜೆಯೇ ದೋಣಿಯನ್ನು ಡಿಪೋದ ಕಡವಿನಲ್ಲಿ ಕಟ್ಟಿ ಬಂದೆ, ತುಕ್ರಪ್ಪನವರೇ ಒಂದು ದಿನಕ್ಕೆ ಬೇಕು ಎಂದು ಕೇಳಿದ್ದರು, ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ ಅಂತ.”

“ನಾನು ಕೇಳ್ಲಿಲ್ಲ,” ಎಂದ ತುಕ್ರಪ್ಪ. “ನಮ್ಮ ಡಿಪೋದಲ್ಲೇ ಎರಡು ದೋಣಿ ಉಂಟಲ್ಲ. ನನಗೆ ಅವನ ದೋಣಿ ಯಾಕೆ ಮಾರಾಯ್ರೇ?”

ಬೇಲಿಯ ಹತ್ತಿರ ರುಕಿಯಾ ಏನೋ ಹೇಳಲು ಬಾಯಿ ತೆರೆದಳು. ಕಾಂತಿ ತಲೆ ಅಲ್ಲಾಡಿಸಿ ಬೇಡ ಎಂದಳು.

“ಹಾಗಾದರೆ ಇಬ್ಬರಲ್ಲಿ ಒಬ್ಬರ ಮಾತು ಸರಿ,” ಎಂದರು ಸಂಕಪ್ಪ. “ದೋಣಿ ಹೊರಟದ್ದು ಬಂಟ್ವಾಳದ ಕಡವಿನಿಂದಲೋ, ಮುಕ್ಕಾಲು ಮೈಲು ಮೇಲಿನ ಡಿಪೋದಿಂದಲೋ. ಮನುಷ್ಯರನ್ನು ಕೇಳಿದರೆ ಜಗಳ ಆಗ್ತದೆ. ಹೊಳೆಯನ್ನೇ ಕೇಳುವ.”

ಕಾಂತಿ ಜಗಲಿಯ ಮೇಲಿಟ್ಟಿದ್ದ ಧರ್ಣಪ್ಪನ ಚೀಲವನ್ನು ತಂದಳು. ಲೋಕನಾಥ ನಿನ್ನೆ ನೋಡಲು ಕೊಟ್ಟಿದ್ದ ಚೀಲ ಅದು.

“ಅದಕ್ಕಿಂತ ಮೊದಲು ಒಂದು ವಿಷಯ,” ಎಂದಳು. “ಚೀಲದಲ್ಲಿ ಪಂಚೆ ಉಂಟು, ಎಲೆಅಡಿಕೆಯ ಡಬ್ಬಿ ಉಂಟು. ಕನ್ನಡಕದ ಗೂಡು ಉಂಟು, ಕನ್ನಡಕ ಇಲ್ಲ. ಮಟ್ಟ ಬರೆಯುವ ಪುಸ್ತಕ ಇಲ್ಲ.”

“ನೀರಿಗೆ ಬಿದ್ದಿರಬಹುದು,” ಎಂದ ಲೋಕನಾಥ.

“ಚೀಲದ ಗುಂಡಿ ಹಾಕಿತ್ತು ಅಂತ ನೀವೇ ಬರೆದಿದ್ದೀರಿ. ಗುಂಡಿ ಹಾಕಿದ ಚೀಲದಿಂದ ಪುಸ್ತಕ ಮಾತ್ರ ಹೇಗೆ ಬೀಳ್ತದೆ? ಹನ್ನೊಂದು ವರ್ಷದಿಂದ ಧರ್ಣಪ್ಪ ಆ ಪುಸ್ತಕವನ್ನು ಮೇಣಬಟ್ಟೆಯಲ್ಲಿ ಸುತ್ತಿ ಈ ಚೀಲದಲ್ಲೇ ಇಡುವುದು.”

ಲೋಕನಾಥ ಚೀಲವನ್ನು ತಿರುಗಿಸಿ ನೋಡಿದ. ಜೇಬಿನಿಂದ ಪೆನ್ಸಿಲ್ ತೆಗೆದ.

ತುಕ್ರಪ್ಪ ಕಾಫಿಯ ಲೋಟವನ್ನು ಕೆಳಗಿಟ್ಟ. ಅರ್ಧವೂ ಕುಡಿದಿರಲಿಲ್ಲ.

* * *

“ನೀವೇ ಬಿಡಿ,” ಎಂದು ಸಂಕಪ್ಪ ಹಾಳೆಯ ದೋಣಿಯನ್ನು ತುಕ್ರಪ್ಪನ ಕೈಗೆ ಕೊಟ್ಟರು. “ನಾವು ಬಿಟ್ಟರೆ ಕೈಚಳಕ ಅಂತ ಆಗ್ತದೆ. ಕುಂಕುಮ ಹಚ್ಚಿದ್ದು ದೋಣಿಯ ಮೂತಿ. ನೀವು ಎಲ್ಲಿ ನೋಡಿದ್ದೋ ಅಲ್ಲೇ ಇಡಿ.”

ತುಕ್ರಪ್ಪ ಕುಕ್ಕರುಗಾಲಲ್ಲಿ ಕೂತು ಬಂಟ್ವಾಳದ ಕಡವಿನಲ್ಲಿ ದೋಣಿ ಇಟ್ಟ. ಅದು ಬಲಬದಿ ಹಿಡಿದು ಕುದುರಿನ ಆಚೆಯಿಂದ ಹೋಗಿ ಸೇತುವೆ ದಾಟಿತು.

“ಇನ್ನೊಮ್ಮೆ.”

ಇನ್ನೊಮ್ಮೆಯೂ ಬಲಕ್ಕೇ ಹೋಯಿತು. ಮೂರನೆಯ ಸಲ ತುಕ್ರಪ್ಪ ಸ್ವಲ್ಪ ನಡುಹೊಳೆಗೆ ದೂಡಿ ಬಿಟ್ಟ. ಆಗಲೂ ಬಲಕ್ಕೇ ಸರಿಯಿತು.

ಅವನು ಎದ್ದು ಪಂಚೆ ಕೊಡವಿಕೊಂಡ. “ಇದು ಸಿಮೆಂಟು. ಹೊಳೆ ಅಂದರೆ ಹೊಳೆ. ಆ ದಿನ ಗಾಳಿ ಇತ್ತು. ನೀರು ಎಷ್ಟಿತ್ತೋ ನಿಮಗೆ ಹೇಗೆ ಗೊತ್ತು?”

ಅದು ಸರಿಯಾದ ಪ್ರಶ್ನೆಯೇ. ಕಾಂತಿಗೆ ಕೇಳಿ ಖುಷಿಯಾಯಿತು. ತರಗತಿಯ ಕೊನೆಯ ಬೆಂಚಿನಿಂದ ಒಬ್ಬ ಎದ್ದು ಸರಿಯಾದ ಸಂಶಯ ಕೇಳಿದ ಹಾಗೆ.

“ಸೋಮವಾರ ಬೆಳಿಗ್ಗೆ ಸೇತುವೆಯ ಕಾವಲುಗಾರ ನೋಡಿದ ಮಟ್ಟ ಹದಿಮೂರೂವರೆ ಅಡಿ,” ಎಂದಳು. “ಅವನಿಗೆ ಕಣ್ಣು ಸರಿ ಇಲ್ಲ ಅಂತ ಇಟ್ಟುಕೊಳ್ಳುವ. ಅದಕ್ಕೇ ಹನ್ನೆರಡಕ್ಕೂ ಮಾಡಿದ್ದೇವೆ, ಹದಿನೈದಕ್ಕೂ ಮಾಡಿದ್ದೇವೆ. ಪಂಪಿನ ಬಾಯಿಯಲ್ಲಿ ತಗಡು ಉಂಟು ನೋಡಿ, ಅದರ ಸೀಳಿನಲ್ಲಿ ಎಷ್ಟು ನೀರು ಬೀಳ್ತದೆ ಅಂತ ಅಳೆದು ಬಿಡುವುದು. ಗಾಳಿಯನ್ನು ಅಂಗಳದಲ್ಲಿ ತರ್ಲಿಕ್ಕೆ ಆಗುವುದಿಲ್ಲ. ಅದಕ್ಕೆ ಕಾಗದದಲ್ಲಿ ಲೆಕ್ಕ ಮಾಡಿದೆ. ಪಡುವಣದಿಂದ ಎಷ್ಟು ಗಾಳಿ ಬೀಸಿದರೆ ಖಾಲಿ ದೋಣಿ ಕುದುರಿನ ಎಡಕ್ಕೆ ಬರ್ತದೆ ಅಂತ.”

“ಎಷ್ಟು?” ಎಂದ ಲೋಕನಾಥ.

“ತೆಂಗಿನಮರ ಬುಡಸಮೇತ ಕೀಳುವಷ್ಟು. ಸೋಮವಾರ ಬೆಳಿಗ್ಗೆ ಅಂಥ ಗಾಳಿ ಇತ್ತಾ ತುಕ್ರಪ್ಪಣ್ಣ?”

ತುಕ್ರಪ್ಪ ಜೇಬಿನ ಪೆನ್ನುಗಳನ್ನು ಸರಿಮಾಡಿಕೊಂಡ.

“ಕಡವಿನಿಂದ ಬಿಟ್ಟದ್ದು ನಲವತ್ತು ಸಲ, ಈಗ ನಿಮ್ಮ ಮೂರು,” ಎಂದರು ಸಂಕಪ್ಪ. “ಒಂದೂ ಎಡಕ್ಕೆ ಬರ್ಲಿಲ್ಲ. ಈಗ ಮೇಲೆ ಬನ್ನಿ. ಡಿಪೋದ ಕಡವಿನಿಂದ ಒಮ್ಮೆ ಬಿಡಿ.”

ತುಕ್ರಪ್ಪ ಇಪ್ಪತ್ತೇಳು ಅಡಿಯ ಹೊಳೆಯ ಮೇಲಿನ ತುದಿಗೆ ನಡೆದ. ಕೂತ. ಕೈ ಚಾಚಿದ. ಆ ಕೈ ನೀರಿನ ಮೇಲೆ ನಿಂತೇ ಇತ್ತು.

ಪೇಟೆಯ ಕಡವಿನಲ್ಲಿ ಮೂರು ಸಲ ಸಲೀಸಾಗಿ ದೋಣಿ ಬಿಟ್ಟವನ ಕೈ ಈಗ ಸೆಟೆದುಕೊಂಡಿತ್ತು. ಲೋಕನಾಥ ಅದನ್ನು ನೋಡಿದ. ಕಾಂತಿಯೂ ನೋಡಿದಳು.

“ನನ್ನ ಬೆನ್ನು ನೋಯ್ತದೆ,” ಎಂದ ತುಕ್ರಪ್ಪ. “ನೀವೇ ಬಿಡಿ.”

“ನಾನು ಬಿಡ್ತೇನೆ,” ಎಂದು ಲೋಕನಾಥ ಮುಂದೆ ಬಂದು ಬೂಟು ಕಳಚಿದ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಹುಲ್ಲಿನ ಹೊರೆ ಹೊತ್ತು ಸೇಸಮ್ಮ ಬಂದಳು. ಸೋಮವಾರ ಖಾಲಿ ದೋಣಿಯನ್ನು ಮೊದಲು ಕಂಡವಳು ಅವಳೇ. ಬಾ ಎಂದು ಸಂಕಪ್ಪ ಬೆಳಿಗ್ಗೆಯೇ ಹೇಳಿ ಕಳಿಸಿದ್ದರು. ದನಕ್ಕೆ ಹುಲ್ಲಾಗದೆ ಬರಲಿಕ್ಕಿಲ್ಲ ಎಂದಿದ್ದಳು. ಹೊರೆಯನ್ನು ಬೇಲಿಗೊರಗಿಸಿ, ರುಕಿಯಾಳ ಕೈಯಲ್ಲಿ ಹಾಗೇ ಇದ್ದ ಪತ್ರೊಡೆಯನ್ನು ನೋಡಿ, “ತಿನ್ನು ಮಗಾ,” ಎಂದು ಬೆನ್ನು ಸವರಿ ಒಳಗೆ ಬಂದಳು.

“ದೋಣಿ ಕಂಡಾಗ ಎಷ್ಟು ಹೊತ್ತಾಗಿತ್ತು ಸೇಸಮ್ಮ?” ಎಂದು ಲೋಕನಾಥ ಕೇಳಿದ.

“ಗಡಿಯಾರ ನನಗೆ ಗೊತ್ತಿಲ್ಲ ಧನಿ. ಹಂಚಿನ ಕಾರ್ಖಾನೆಯ ಏಳು ಗಂಟೆಯ ಕೂಗು ಆಗಿರ್ಲಿಲ್ಲ. ಒಂದು ಎಲೆ ಜಗಿದು ಮುಗಿಸುವಷ್ಟರಲ್ಲಿ ಆಯ್ತು.”

ಲೋಕನಾಥ ಡಿಪೋದ ಕಡವಿನಲ್ಲಿ ದೋಣಿ ಬಿಟ್ಟ. ಕಾಂತಿ ಗಡಿಯಾರದ ಗುಂಡಿ ಒತ್ತಿದಳು.

ದೋಣಿ ತಿರುವಿನವರೆಗೆ ಬಲದಡವನ್ನೇ ಸವರಿಕೊಂಡು ಹೋಯಿತು. ತಿರುವಿನಲ್ಲಿ ನೀರು ದಡಕ್ಕೆ ಬಡಿದು ಅಡ್ಡ ಹೊರಳುವ ಕಡೆ ಅದೂ ಹೊರಳಿತು. ಹೊಳೆಯನ್ನು ಓರೆಯಾಗಿ ದಾಟಿತು. ಕುದುರಿನ ಮೇಲ್ತುದಿಗೆ ತಾಗಿತೋ ಎನ್ನುವಾಗ ಎಡಕ್ಕೆ ಜಾರಿ, ಗಿರ್ರನೆ ಒಂದು ಸುತ್ತು ಸುತ್ತಿ, ಹಿಮ್ಮುಖವಾಗಿ ತೇಲುತ್ತ ನರಿಕೊಂಬಿನ ದಡದಲ್ಲಿ ಕಾಂತಿ ನೆಟ್ಟಿದ್ದ ಹುಲ್ಲಿನ ಎಸಳಿಗೆ ಸಿಕ್ಕಿ ನಿಂತಿತು.

“ಮೂವತ್ತೆಂಟು ಸೆಕೆಂಡ್,” ಎಂದಳು ಕಾಂತಿ. “ಹೊಳೆಯಲ್ಲಿ ನಲವತ್ತು ನಿಮಿಷ. ಆರೂಕಾಲರ ಹೊತ್ತಿಗೆ ಬಿಟ್ಟಿದ್ದರೆ ಏಳಕ್ಕೆ ಐದು ನಿಮಿಷ ಇರುವಾಗ ಸೇಸಮ್ಮನ ದಡಕ್ಕೆ ಬರ್ತದೆ.”

“ಎಷ್ಟು ಸಲ ಹೀಗೆ ಬಂದಿದೆ?” ಎಂದ ಲೋಕನಾಥ. ಅವನ ದನಿ ಬದಲಾಗಿತ್ತು.

“ನಾವು ಬಿಟ್ಟದ್ದು ಹನ್ನೆರಡು ಸಲ. ಒಂಬತ್ತು ಸಲ ಇಲ್ಲಿಗೆ. ಎರಡು ಕುದುರಿನಲ್ಲಿ ಸಿಕ್ಕಿಕೊಂಡಿತು. ಒಂದು ಬಲಕ್ಕೆ ಹೋಯಿತು.”

“ಆ ಮೂರರ ಬಗ್ಗೆ ವಕೀಲರು ಕೇಳ್ತಾರೆ ಟೀಚರೇ.”

“ಕೇಳಲಿ. ಹನ್ನೆರಡೂ ಬಂತು ಅಂತ ನಾನು ಹೇಳಿದರೆ ನೀವು ನನ್ನನ್ನು ನಂಬಬಾರದು.”

ಸೇಸಮ್ಮ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬಾಗಿ ಹುಲ್ಲಿನ ಎಸಳಿನ ಹತ್ತಿರ ನಿಂತ ದೋಣಿಯನ್ನೇ ನೋಡುತ್ತಿದ್ದಳು. ಕುಂಕುಮ ಹಚ್ಚಿದ ಮೂತಿ ಹೊಳೆಯ ಕಡೆಗಿತ್ತು, ಹಿಂಭಾಗ ದಡಕ್ಕೆ.

“ಹೀಗೆಯೇ ಬಂತು,” ಎಂದಳು ಅವಳು. “ಕುಂಡೆ ತಿರುಗಿಸಿಕೊಂಡು. ದನ ಕೊಟ್ಟಿಗೆಗೆ ಹಿಂದೆ ಹಿಂದೆ ಹೋದ ಹಾಗೆ. ಇದೆಂತ ದೋಣಿ ಹಿಮ್ಮುಖ ಬರ್ತದೆ ಅಂತ ನಾನು ಆಗ ನೆನೆಸಿದ್ದೆ.”

“ಇದನ್ನು ಮೊದಲೇ ಯಾಕೆ ಹೇಳ್ಲಿಲ್ಲ?” ಎಂದ ಲೋಕನಾಥ.

“ಯಾರು ಕೇಳಿದರು? ನೀವು ಕೇಳಿದ್ದು ಹೆಣ ಕಂಡೆಯಾ ಅಂತ. ಕಾಣ್ಲಿಲ್ಲ, ಇಲ್ಲ ಅಂದೆ.”

ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಹಿಡಿದ. ಲೋಕನಾಥನ ಕಿವಿ ಕೆಂಪಾಯಿತು. ಅವನು ಪಂಪಿನ ಹತ್ತಿರ ಹೋಗಿ ಅದನ್ನು ತಾನೇ ನಿಲ್ಲಿಸಿದ. ಸಿಮೆಂಟಿನ ನೇತ್ರಾವತಿ ಮೆಲ್ಲನೆ ಇಳಿಯತೊಡಗಿತು.

“ತುಕ್ರಪ್ಪನವರೇ,” ಎಂದ ಲೋಕನಾಥ, “ಮೂರು ಗಂಟೆಗೆ ನಾನು ಒಬ್ಬರನ್ನು ಕೋರ್ಟಿಗೆ ಕರೆದುಕೊಂಡು ಹೋಗಬೇಕು. ಯಾರನ್ನು ಅಂತ ನೀವು ಹೇಳಿ.”

* * *

ತುಕ್ರಪ್ಪ ಜಗಲಿಯ ಮೆಟ್ಟಿಲಲ್ಲಿ ಕೂತ. ಬಿಳಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

“ದೋಣಿ ನಮ್ಮ ಕಡವಿನಿಂದಲೇ ಹೋದದ್ದು,” ಎಂದ. “ಸಮದ್ ಹೇಳಿದ್ದು ಸರಿ. ನಮ್ಮ ದೋಣಿಯಾದರೆ ಡಿಪೋದ ಹೆಸರು ಬರ್ತದೆ ಅಂತ ಅವನದನ್ನು ನಾನೇ ಕೇಳಿ ತರಿಸಿದ್ದು. ಆರೂಕಾಲಕ್ಕೆ ಹಗ್ಗ ಬಿಚ್ಚಿದ್ದೂ ನಾನೇ. ಆದರೆ ದೋಣಿಯಲ್ಲಿ ಯಾರೂ ಇರ್ಲಿಲ್ಲ.”

ಬೇಲಿಯ ಹತ್ತಿರ ರುಕಿಯಾ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡಳು.

“ಮತ್ತೆ ಸಮದನ ಹೆಸರು?”

“ಅದು ನಾನಾಗಿ ಹೇಳಿದ್ದಲ್ಲ. ಧರ್ಣಪ್ಪ ಕಡವಿನಲ್ಲಿ ದೋಣಿ ಹತ್ತಿದ್ದು ಕಂಡೆ ಅಂತ ಮಾತ್ರ ಹೇಳಿದೆ. ದೋಣಿ ನಡೆಸಿದ್ದು ಯಾರು ಅಂತ ನೀವು ಕೇಳಿದಿರಿ. ದೋಣಿಯವನೇ ಇರಬೇಕಲ್ಲ ಅಂದೆ. ನೀವು ಬರೆದುಕೊಂಡಿರಿ. ಆಮೇಲೆ ಇಲ್ಲ ಅನ್ನಲಿಕ್ಕೆ ನನಗೆ ಬಾಯಿ ಬರ್ಲಿಲ್ಲ.” ತುಕ್ರಪ್ಪ ತಲೆ ತಗ್ಗಿಸಿದ. “ನಿನ್ನೆ ಅವನನ್ನು ಹಿಡಿದದ್ದು ಗೊತ್ತಾದ ಮೇಲೆ ನಾನು ಊಟ ಮಾಡ್ಲಿಲ್ಲ. ನಂಬಿ, ಬಿಡಿ.”

ಲೋಕನಾಥ ಚೀಟಿ ಬರೆದು ಕಾನ್‌ಸ್ಟೇಬಲನ ಕೈಗೆ ಕೊಟ್ಟ. “ಸ್ಟೇಷನ್ನಿಗೆ ಹೋಗು. ಸಮದನನ್ನು ಬಿಡಲಿಕ್ಕೆ ಹೇಳು. ಊಟ ಹಾಕಿಸಿ ಕಳಿಸಲಿ.”

“ಊಟ ನಾನು ಮನೆಯಲ್ಲಿ ಹಾಕ್ತೇನೆ,” ಎಂದಳು ರುಕಿಯಾ. ಅಷ್ಟು ಹೊತ್ತಿನಿಂದ ಹಿಡಿದಿದ್ದ ಪತ್ರೊಡೆಯನ್ನು ಎರಡೇ ತುತ್ತಿಗೆ ತಿಂದು, ಎಲೆಯನ್ನು ಮಡಚಿ ಸೇಸಮ್ಮನ ಕೈಗೆ ಕೊಟ್ಟು, ಕಾನ್‌ಸ್ಟೇಬಲನಿಗಿಂತ ಮೊದಲೇ ಗದ್ದೆಯ ಬದುವಿಗೆ ಇಳಿದಳು. ಹತ್ತು ಹೆಜ್ಜೆ ಹೋದವಳು ತಿರುಗಿ ನಿಂತಳು.

“ಓವರ್ಸಿಯರ್ರೇ, ಟೀಚರೇ, ನಾಳೆ ಮನೆಯಲ್ಲಿ ಅಕ್ಕಿಹಿಟ್ಟಿನ ಪತ್ತಿರಿ ಮಾಡ್ತೇನೆ. ಅವರೇ ತಂದು ಕೊಡ್ತಾರೆ. ಹೊಳೆ ದಾಟಿಸಿ.”

ಸಂಕಪ್ಪ ಮನಸಾರೆ ನಕ್ಕರು. ಕಾಂತಿಗೆ ಮೂರು ದಿನದ ದಣಿವು ಒಮ್ಮೆಗೇ ಇಳಿದಂತಾಯಿತು. ಅವಳ ಲೆಕ್ಕಕ್ಕೆ ಇದುವರೆಗೆ ಸಿಕ್ಕಿದ್ದು ಶಾಲಾ ಇನ್‌ಸ್ಪೆಕ್ಟರುಗಳ ಸಹಿ, ಹೆಡ್‌ಮಾಸ್ಟರರ ಮೆಚ್ಚುಗೆ. ಅದೇ ಲೆಕ್ಕದಿಂದ ಒಬ್ಬ ಮನುಷ್ಯ ತನ್ನ ಮನೆಗೆ ಊಟಕ್ಕೆ ಹೋಗುತ್ತಾನೆ ಎನ್ನುವುದು ಹೊಸತು.

“ಈಗ ಮುಖ್ಯ ವಿಷಯ,” ಎಂದ ಲೋಕನಾಥ. “ಖಾಲಿ ದೋಣಿಯಲ್ಲಿ ಧರ್ಣಪ್ಪನ ಚೀಲ ಇಟ್ಟದ್ದು ಯಾರು?”

“ಅವನೇ,” ಎಂದ ತುಕ್ರಪ್ಪ. “ಚೀಲ ಇಟ್ಟ, ಕೊಡೆ ಇಟ್ಟ. ಪುಸ್ತಕವನ್ನು ಅಂಗಿಯ ಒಳಗೆ ಹಾಕಿಕೊಂಡ. ನಾನು ಮುಳುಗಿದೆ ಅಂತ ಎಂಟು ದಿನ ಊರು ನಂಬಬೇಕು, ಆಮೇಲೆ ನಾನೇ ಬರ್ತೇನೆ ಅಂದ. ನಮ್ಮ ಡಿಪೋದ ಲಾರಿಯಲ್ಲೇ ಬೆಳ್ತಂಗಡಿಗೆ ಹೋದ. ಮರದ ಮೇಲೆ ಕೂತು.”

“ಯಾಕೆ?”

“ಕೇಳಿದೆ. ಹೇಳ್ಲಿಲ್ಲ. ನನ್ನ ಮಗಳ ಮದುವೆಗೆ ನೆರೆ ಬಂದಾಗ ಪ್ರಾಣ ಒತ್ತೆ ಇಟ್ಟು ದಿಬ್ಬಣವನ್ನು ದಾಟಿಸಿದವ ಅವ. ಅಂಥವ ಒಂದು ಸಹಾಯ ಕೇಳಿದರೆ ಆಗುವುದಿಲ್ಲ ಅನ್ನಲಿಕ್ಕೆ ಆಗ್ತದಾ?”

ಬದುಕಿದ್ದಾನೆ ಎಂಬ ಮಾತು ಅಂಗಳದಲ್ಲಿ ಎಲ್ಲರ ಮುಖಕ್ಕೂ ಬೆಳಕು ತಂದಿತು. ಸೇಸಮ್ಮ ಎರಡೂ ಕೈ ಎತ್ತಿ ಹೊಳೆಯ ಕಡೆ ಮುಗಿದಳು. ಸಂಕಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

“ಬದುಕಿದ್ದಾನಲ್ಲ, ಅಷ್ಟು ಸಾಕು,” ಎಂದರು. “ಉಳಿದದ್ದು ಅವನೇ ಬಂದು ಹೇಳಲಿ. ಇನ್ನೊಂದು ಸುತ್ತು ಕಾಫಿ ಮಾಡುವ.”

ಅವರು ಒಳಗೆ ಹೋದರು. ಲೋಕನಾಥ ತುಕ್ರಪ್ಪನ ಹೇಳಿಕೆ ಬರೆಯಲು ಹಾಳೆ ಬೇಕೆಂದು ಜಗಲಿಯ ಮೇಜಿನತ್ತ ನಡೆದ. ಸೇಸಮ್ಮ ಹುಲ್ಲಿನ ಹೊರೆ ಎತ್ತಿಕೊಂಡಳು.

ತುಕ್ರಪ್ಪ ಎದ್ದು ಕಾಂತಿಯ ಹತ್ತಿರ ಬಂದ. ದನಿ ತಗ್ಗಿಸಿದ.

“ಟೀಚರೇ, ಇದು ನಿಮಗೆ. ಎಂಟನೆಯ ದಿನವೂ ನಾನು ಬಾರದಿದ್ದರೆ ಕೊಡು ಅಂದಿದ್ದ. ಹೀಗೆಲ್ಲ ಆಯ್ತಲ್ಲ, ಇನ್ನು ನನ್ನ ಕೈಯಲ್ಲಿ ಇಟ್ಟುಕೊಳ್ಳಲಿಕ್ಕೆ ಧೈರ್ಯ ಇಲ್ಲ. ನಿಮ್ಮ ಕೈಗೇ ಕೊಡಬೇಕು, ಬೇರೆ ಯಾರಿಗೂ ಅಲ್ಲ ಅಂದಿದ್ದಾನೆ.”

ನಾಲ್ಕು ಮಡಿಕೆಯ ಕಾಗದ. ಮಟ್ಟದ ಪುಸ್ತಕದಿಂದ ಹರಿದ ಹಾಳೆ. ಧರ್ಣಪ್ಪನ ಗುಂಡುಗುಂಡಾದ ಅಕ್ಷರ. ಅವಳು ಸಿಮೆಂಟಿನ ದಡದ ಮೇಲೆ ಕೂತು ಓದಿದಳು.

‘ಕಾಂತಿ ಟೀಚರಿಗೆ ನಮಸ್ಕಾರ. ನಾನು ಕ್ಷೇಮ. ಬೆಳ್ತಂಗಡಿಯಿಂದ ಮೇಲಕ್ಕೆ ಹೊಸ ಸೇತುವೆ ಕಟ್ಟುವ ಜಾಗಕ್ಕೆ ಹೋಗುತ್ತಿದ್ದೇನೆ. ಮಾರಿಬೊಳ್ಳ, ಆ ಮಹಾನೆರೆಯ ವರ್ಷ ನೀರು ಎಲ್ಲಿಯವರೆಗೆ ಏರಿತ್ತು ಎಂದು ಗುರುತಿಗೆ ನೆಟ್ಟ ಕಲ್ಲು ಅಲ್ಲಿ ಉಂಟಲ್ಲ, ಅದು ಇರಬೇಕಾದ ಜಾಗದಲ್ಲಿ ಇಲ್ಲ. ಕಿತ್ತು ಆರು ಅಡಿ ಕೆಳಗೆ ನೆಟ್ಟಿದ್ದಾರೆ. ಹಳೆಯ ಕುಳಿ ಮಣ್ಣಿನಡಿಯಲ್ಲಿ ಇನ್ನೂ ಇರಬೇಕು, ಅದನ್ನು ಹುಡುಕಿ ಅಳೆಯಲು ನನಗೆ ಎಂಟು ದಿನ ಬೇಕು. ಸೇತುವೆಯ ಎತ್ತರ ನಿಶ್ಚಯ ಮಾಡಿದ್ದು ಆ ಕಲ್ಲನ್ನು ನಂಬಿ. ಅಂಥ ಬೊಳ್ಳ ಇನ್ನೊಮ್ಮೆ ಬಂದರೆ ಸೇತುವೆಯೂ ಉಳಿಯುವುದಿಲ್ಲ, ಅದರ ಮೇಲಿದ್ದವರೂ ಉಳಿಯುವುದಿಲ್ಲ.’

ಆ ಸೇತುವೆಯ ಲೆಕ್ಕ ಕಾಂತಿಯದೇ. ಏಪ್ರಿಲಿನ ರಜೆಯಲ್ಲಿ ಇದೇ ಜಗಲಿಯಲ್ಲಿ ಕೂತು, ಎಷ್ಟು ನೀರು ಬಂದರೆ ಎಷ್ಟು ಎತ್ತರ ಬೇಕು ಎಂದು ಇಪ್ಪತ್ತು ದಿನ ಮಾಡಿಕೊಟ್ಟಿದ್ದಳು. ಎಲ್ಲ ಚೌಕವನ್ನೂ ಎರಡೆರಡು ಸಲ ತಾಳೆ ನೋಡಿದ್ದಳು. ಮೊದಲ ಚೌಕಕ್ಕೆ ಹಾಕಿದ ಅಂಕಿಯನ್ನು ಮಾತ್ರ ನೋಡಿರಲಿಲ್ಲ. ಅದನ್ನು ಬಾಯಲ್ಲಿ ಹೇಳಿ ಬರೆಸಿದವರ ಮೇಲೆ ಅವಳಿಗೆ ಹುಟ್ಟಿದಂದಿನಿಂದ ನಂಬಿಕೆ.

ಸಮದನ ದೋಣಿಗೆ ಆ ಕಲ್ಲಿನ ಸಂಬಂಧವಿಲ್ಲ, ಅವನ ಬಿಡುಗಡೆ ಸರಿಯೇ, ಎಂದು ಮನಸ್ಸು ತಾನಾಗಿ ತಾಳೆ ನೋಡಿತು. ಸೇತುವೆಯ ಕೆಲಸ ಮುಂದಿನ ತಿಂಗಳು ಶುರು.

ಅವಳು ಹಾಳೆಯನ್ನು ತಿರುಗಿಸಿದಳು. ಹಿಂದೆ ನಾಲ್ಕೇ ಸಾಲು.

‘ಕಲ್ಲನ್ನು ಈಗಿನ ಜಾಗದಲ್ಲಿ ನೆಡಿಸಿದವರ ಸಹಿ ಹಳೆಯ ಸರ್ವೆ ಪುಸ್ತಕದಲ್ಲಿ ಉಂಟು. ನಾನು ಮೂರು ಸಲ ನೋಡಿದೆ. ನಿಮ್ಮ ಮಾವನ ಸಹಿ. ನಾನು ಹೋದದ್ದು ಅವರಿಗೆ ಗೊತ್ತಾದರೆ ನನಗಿಂತ ಮೊದಲು ಅಲ್ಲಿಗೆ ತಲುಪುತ್ತಾರೆ. ದಯಮಾಡಿ ತಿಳಿಸಬೇಡಿ.’

“ಎಂತ ಅದು?”

ಕಾಂತಿ ತಲೆ ಎತ್ತಿದಳು. ಸಂಕಪ್ಪ ಎರಡು ಲೋಟ ಕಾಫಿ ಹಿಡಿದು ಅವಳ ಎದುರಿಗೇ ನಿಂತಿದ್ದರು. ಯಾವಾಗ ಬಂದರೋ ಗೊತ್ತಾಗಿರಲಿಲ್ಲ. ಮುಖದಲ್ಲಿ ಅದೇ ಪ್ರೀತಿಯ ನಗು.

ಹುಟ್ಟಿದ ಮೇಲೆ ಮಾವನಿಗೆ ಅವಳು ಒಂದು ಸುಳ್ಳನ್ನೂ ಹೇಳಿರಲಿಲ್ಲ.

“ಏನಿಲ್ಲ ಮಾವ,” ಎಂದಳು. “ಧರ್ಣಪ್ಪ ಕ್ಷೇಮವಂತೆ.”

ಸಂಕಪ್ಪ ಲೋಟಗಳನ್ನು ಸಿಮೆಂಟಿನ ದಡದ ಮೇಲೆ ಮೆಲ್ಲನೆ ಇಟ್ಟರು. ಒದ್ದೆಯಾದ ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದರು.

“ಕೊಡು,” ಎಂದರು. “ಓದುವ.”